ಚೀನಾದ ‘ಸುವರ್ಣಕಮಲ’: ಒಂದು ಸೌಂದರ್ಯಾದರ್ಶದ ಉದಯಾಸ್ತ

ಸ್ತ್ರೀಸೌಂದರ್ಯದ ಕಲ್ಪನೆ ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬೇರೆಯಾಗುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಇದನ್ನು ಕೇವಲ ಅಭಿರುಚಿಯ ಭೇದವೆಂದು ಹೇಳಿ ಮುಗಿಸುವುದು ಚರಿತ್ರಕಾರನಿಗೆ ತಕ್ಕುದಲ್ಲ. ಒಂದು ಆದರ್ಶ ಯಾವ ಆಧಾರದ ಮೇಲೆ ನಿಂತಿತು, ಯಾವ ಆಧಾರ ಕಳಚಿದಾಗ ಬಿದ್ದಿತು ಎಂಬುದನ್ನು ಅವನು ವಿಚಾರಿಸಬೇಕು. ಚೀನಾದ ಪಾದಬಂಧನ ಪದ್ಧತಿ ಇದಕ್ಕೊಂದು ಸ್ಪಷ್ಟ ನಿದರ್ಶನ.

ತಾಂಗ್ ವಂಶದ ಆಳ್ವಿಕೆಯಲ್ಲಿ (ಕ್ರಿ. ಶ. 618–907) ಈ ಪದ್ಧತಿ ಇರಲಿಲ್ಲ. ಎಂಟನೆಯ ಶತಮಾನದ ಸಮಾಧಿಗಳಲ್ಲಿ ದೊರೆತ ಮಣ್ಣಿನ ಪ್ರತಿಮೆಗಳಲ್ಲಿನ ಸ್ತ್ರೀಯರದು ತುಂಬಿದ ಕೆನ್ನೆ, ಪುಷ್ಟವಾದ ಮೈ. ತಾಂಗ್ ಕಾಲದ ಪ್ರತಿಮೆಗಳಲ್ಲಿ ಕುದುರೆಯೇರಿ ಚೆಂಡಾಡುವ ಸ್ತ್ರೀಯರೂ ಇದ್ದಾರೆ. ಸಾಂಗ್ ವಂಶದ ಕಾಲದಲ್ಲಿ (960–1279) ಕುಲೀನ ಮನೆತನಗಳಲ್ಲಿ ಪಾದಬಂಧನ ಕ್ರಮವಾಗಿ ಹಬ್ಬಿತು. 1243ರಲ್ಲಿ 17ರ ಪ್ರಾಯದಲ್ಲಿ ತೀರಿಕೊಂಡ ಹ್ವಾಂಗ್ ಷಂಗ್ ಎಂಬಾಕೆಯ ಸಮಾಧಿ 1975ರಲ್ಲಿ ಫೂಜೌ ಬಳಿ ದೊರೆಯಿತು. ಅದರಲ್ಲಿದ್ದ ಪಾದರಕ್ಷೆಗಳ ಉದ್ದ ಸುಮಾರು 13ರಿಂದ 14 ಸೆಂಟಿಮೀಟರು ಮಾತ್ರ. ಮುಂದೆ ಮೂರು ಚೀನೀ ಅಂಗುಲದ, ಎಂದರೆ ಸುಮಾರು 10 ಸೆಂಟಿಮೀಟರಿನ ಪಾದವೇ ಆದರ್ಶವಾಗಿ ‘ಸುವರ್ಣಕಮಲ’ವೆನಿಸಿತು.

ಐದಾರು ವರ್ಷದ ಬಾಲಿಕೆಯ ನಾಲ್ಕು ಕಿರುಬೆರಳುಗಳನ್ನು ಅಂಗಾಲಿನ ಕೆಳಕ್ಕೆ ಮಡಿಸಿ, ಉದ್ದವಾದ ಪಟ್ಟಿಯಿಂದ ಬಿಗಿಯುತ್ತಿದ್ದರು. ಸಾಮಾನ್ಯವಾಗಿ ಬಿಗಿಯುತ್ತಿದ್ದವಳು ತಾಯಿ. ಆ ವೇದನೆಯನ್ನು ತಾನೇ ಅನುಭವಿಸಿದವಳು ಮಗಳಿಗೂ ಅದನ್ನೇ ವಿಧಿಸಿದ್ದೇಕೆ? ಕಟ್ಟದ ಕಾಲಿನ ಹುಡುಗಿಗೆ ಒಳ್ಳೆಯ ಸಂಬಂಧ ಕೂಡಿಬರುವುದು ದುರ್ಲಭವೆಂಬ ಭಯವೇ ಮುಖ್ಯ ಕಾರಣ. ಆದುದರಿಂದಲೇ ಮಂಚೂ ಚಕ್ರವರ್ತಿ ಕಾಂಗ್‌ಷೀಯ ಆಳ್ವಿಕೆಯಲ್ಲಿ 1664ರಲ್ಲಿ ಹೊರಟ ನಿಷೇಧ ಫಲಿಸದೆ 1668ರಲ್ಲಿ ರದ್ದಾಯಿತು.

ಲಾರೆಲ್ ಬಾಸೆನ್ ಮತ್ತು ಹಿಲ್ ಗೇಟ್ಸ್ ಎಂಬ ವಿದ್ವಾಂಸೆಯರು 1,800ಕ್ಕೂ ಹೆಚ್ಚು ಗ್ರಾಮೀಣ ವೃದ್ಧೆಯರನ್ನು ವಿಚಾರಿಸಿ 2017ರಲ್ಲಿ ಪ್ರಕಟಿಸಿದ ಗ್ರಂಥ ಮತ್ತೊಂದು ಕಾರಣವನ್ನು ತೋರಿಸುತ್ತದೆ. ಕಾಲು ಕಟ್ಟಿದ ಬಾಲಿಕೆ ಮನೆಯಲ್ಲೇ ಕುಳಿತು ನೂಲುತ್ತಿದ್ದಳು, ನೇಯುತ್ತಿದ್ದಳು. ಯಂತ್ರದ ನೂಲು ಹಳ್ಳಿಗೆ ಬಂದಂತೆ ಆ ಕೈಕೆಲಸಕ್ಕೆ ಬೆಲೆ ತಗ್ಗಿತು.

ಆ ಕಾಲಕ್ಕೇ ಸುಧಾರಕರ ಸಂಘಗಳೂ ಹುಟ್ಟಿದವು. 1874ರಲ್ಲಿ ಷಿಯಾಮೆನ್‌ನಲ್ಲಿಯೂ 1895ರಲ್ಲಿ ಷಾಂಘೈಯಲ್ಲಿಯೂ ಇಂಥವು ಸ್ಥಾಪಿತವಾದವು. ಮಗಳ ಕಾಲು ಕಟ್ಟುವುದಿಲ್ಲ, ಕಾಲು ಕಟ್ಟಿದವಳನ್ನು ಮಗನಿಗೆ ತರುವುದಿಲ್ಲ ಎಂಬ ಪ್ರತಿಜ್ಞೆ ಈ ಚಳವಳಿಯ ಮುಖ್ಯ ಸಾಧನವಾಯಿತು. ಚಕ್ರವರ್ತಿಯ ಆಜ್ಞೆ ಮುಟ್ಟಲಾರದ ಮರ್ಮವನ್ನು ಅದು ಮುಟ್ಟಿತು. 1902ರಲ್ಲಿ ರಾಜಮಾತೆ ತ್ಸುಷಿ ಪದ್ಧತಿಯನ್ನು ಖಂಡಿಸಿದಳು. 1912ರಲ್ಲಿ ಗಣರಾಜ್ಯ ಅದನ್ನು ನಿಷೇಧಿಸಿತು. ಡಿಂಗ್‌ಷಿಯನ್ ಪ್ರಾಂತದಲ್ಲಿ ಸಿಡ್ನಿ ಗ್ಯಾಂಬಲ್ ಕಲೆಹಾಕಿದ ಅಂಕಿಗಳು ಪರಿಣಾಮವನ್ನು ಸಾರುತ್ತವೆ: 1890ಕ್ಕೆ ಮೊದಲು ಜನಿಸಿದ ಸ್ತ್ರೀಯರಲ್ಲಿ ಶೇಕಡ 99ರಷ್ಟು ಮಂದಿಯ ಕಾಲು ಕಟ್ಟಲ್ಪಟ್ಟಿತ್ತು, 1919ರ ಅನಂತರ ಜನಿಸಿದವರಲ್ಲಿ ಒಬ್ಬಳದೂ ಇಲ್ಲ.

ಸಾವಿರ ವರ್ಷಗಳ ಆದರ್ಶ ಈ ಪ್ರಾಂತದಲ್ಲಿ ಒಂದೇ ತಲೆಮಾರಿನಲ್ಲಿ ಅಳಿಯಿತು. ಅದನ್ನು ಎತ್ತಿಹಿಡಿದಿದ್ದುದು ಕಣ್ಣಿನ ಅಭಿರುಚಿ ಮಾತ್ರವಲ್ಲ, ವಿವಾಹದ ಹಾಗೂ ದುಡಿಮೆಯ ವ್ಯವಸ್ಥೆ ಎಂಬುದು ಇದರಿಂದ ವಿಶದವಾಗುತ್ತದೆ. ಆದರೆ ಈ ವಿಜಯದಲ್ಲಿ ಮರೆಯಬಾರದ ಸಂಗತಿಯೊಂದುಂಟು. ಮೂಳೆ ಬಾಗಿ ಬೆಳೆದ ಹಿರಿಯ ಹೆಂಗಸರಿಗೆ ಪಟ್ಟಿ ಬಿಚ್ಚುವುದೂ ನೋವೇ ಆಗಿತ್ತು. ನಿನ್ನೆಯವರೆಗೆ ಅವರ ಮಾನವೆನಿಸಿದ್ದ ಪಾದ ಇಂದು ದೇಶದ ಅವಮಾನವೆನಿಸಿತು. ಆದರ್ಶ ನಿಂತಾಗಲೂ ಬಿದ್ದಾಗಲೂ ಅದರ ಬೆಲೆ ತೆತ್ತವರು ಅವರೇ. ಸೌಂದರ್ಯದ ಚರಿತ್ರೆಯನ್ನು ಓದುವ ವಿದ್ಯಾರ್ಥಿ ಪ್ರತಿಮೆಗಳೊಡನೆ ಇವರನ್ನೂ ನೆನೆಯಬೇಕು.