ಚಳಿಗಾಲವಿಲ್ಲದ ನಾಡಿನಲ್ಲಿ ಪೈನ್ ಬೋನ್ಸಾಯ್

ಪೈನ್ ಹಿಮದ ನಾಡಿನ ಮರ ಎಂಬ ಮಾತು ಅರ್ಧ ಮಾತ್ರ ನಿಜ. ಸುಮಾತ್ರಾದ ಮರ್ಕುಸಿ ಪೈನ್ ಭೂಮಧ್ಯರೇಖೆ ದಾಟಿ ದಕ್ಷಿಣಾರ್ಧಗೋಳದಲ್ಲೂ ತಾನಾಗಿ ಬೆಳೆದಿದೆ. ಮೇಘಾಲಯದ ಖಾಸಿ ಪೈನ್ ಪೂರ್ವಕ್ಕೆ ಫಿಲಿಪ್ಪೀನ್ಸ್‌ನ ಲುಜಾನ್ ದ್ವೀಪದವರೆಗೂ ಹಬ್ಬಿದೆ. ಕೆರಿಬಿಯನ್ ಪೈನ್‌ಗೆ ಮಧ್ಯ ಅಮೆರಿಕದ ಸಮುದ್ರಮಟ್ಟದ ಸೆಕೆಯೇ ತವರು. ಆದರೂ ಉಷ್ಣವಲಯದ ಬೋನ್ಸಾಯ್ ಕುಂಡಗಳಲ್ಲಿ ಆಲ, ಅತ್ತಿ, ಬಸರಿಗಳೇ ತುಂಬಿವೆ, ಪೈನ್ ಅಪರೂಪ. ಇದಕ್ಕೆ ಹವೆಯನ್ನು ದೂರುವುದು ವಾಡಿಕೆ. ಈ ವಿದ್ಯೆ ಬೆಳೆದ ಬಗೆಯನ್ನು ನೋಡಿದರೆ ಬೇರೆಯೇ ಕಾರಣ ಕಾಣುತ್ತದೆ. ನಾವು ಜಪಾನಿನಿಂದ ಮರದ ಜೊತೆಗೆ ಅಲ್ಲಿನ ಪಂಚಾಂಗವನ್ನೂ ತಂದುಕೊಂಡೆವು.

ಪೈನ್ ಬೋನ್ಸಾಯ್‌ನ ನಿಯಮಗಳು ಹದಗೊಂಡದ್ದು ಜಪಾನಿನಲ್ಲಿ. 1923ರ ಕಾಂಟೊ ಭೂಕಂಪದ ನಂತರ ಟೋಕಿಯೊ ಬಿಟ್ಟ ಬೆಳೆಗಾರರು 1925ರಲ್ಲಿ ಓಮಿಯಾದಲ್ಲಿ ಬೋನ್ಸಾಯ್ ಗ್ರಾಮ ಕಟ್ಟಿದರು. ಶಿಕೊಕು ದ್ವೀಪದ ತಕಮಾತ್ಸು ಬಳಿಯ ಕಿನಾಶಿ ಪೈನ್ ಸಸಿಗಳ ತವರಾಯಿತು. ಅವರ ಮುಖ್ಯ ಮರ ಕಡಲತೀರದ ಕಪ್ಪು ಪೈನ್. ವಸಂತದಲ್ಲಿ ನೆಟ್ಟಗೆ ಏಳುವ ಎಳೆ ಚಿಗುರನ್ನು ಬೆಳೆಗಾರರು ಕ್ಯಾಂಡಲ್ ಎನ್ನುತ್ತಾರೆ. ಬೇಸಿಗೆಯ ಮೊದಲಲ್ಲಿ ಅದನ್ನು ಬುಡಕ್ಕೇ ಕತ್ತರಿಸಿದರೆ, ಉಳಿದ ಸುಮಾರು ನೂರು ದಿನಗಳಲ್ಲಿ ಎರಡನೆಯ ಚಿಗುರು ಬರುತ್ತದೆ. ಅದು ಉದ್ದವಾಗುವ ಮೊದಲೇ ಚಳಿ ಬಂದು ಬೆಳವಣಿಗೆ ನಿಲ್ಲುತ್ತದೆ. ಸೂಜಿಯೆಲೆ ಗಿಡ್ಡವಾಗಿ ಉಳಿಯುತ್ತದೆ. ಅರ್ಧ ಕೆಲಸ ಕತ್ತರಿಯದು, ಇನ್ನರ್ಧ ಚಳಿಯದು. ಚಳಿಯೇ ಬಾರದ ಊರಿನಲ್ಲಿ ಅದೇ ತಿಂಗಳು ಅದೇ ಕತ್ತರಿ ಹಾಕಿದರೆ ಎರಡನೆಯ ಚಿಗುರು ಎಳೆದುಕೊಂಡು ಹೋಗುತ್ತದೆ, ಹಿಂದೆಯೇ ಮೂರನೆಯದೂ ಹೊರಡುತ್ತದೆ.

ಉಷ್ಣವಲಯದಲ್ಲಿ ಪೈನ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಮೊದಲು ಕಲಿತವರು ಅರಣ್ಯ ಇಲಾಖೆಗಳ ಜನ. ಪೋರ್ಟೊರಿಕೊದಲ್ಲಿ 1930ರ ದಶಕದಿಂದ ಬಿತ್ತಿದ ಪೈನ್ ಸಸಿಗಳು ಹಳದಿಯಾಗಿ ಸೊರಗುತ್ತಿದ್ದವು. 1950ರ ದಶಕದ ಮಧ್ಯದಲ್ಲಿ, ಪೈನ್ ಬೇರಿನ ಜೊತೆ ಬಾಳುವ ಶಿಲೀಂಧ್ರವಿದ್ದ ಮಣ್ಣನ್ನು ಹೊರಗಿನಿಂದ ತಂದು ಬೆರೆಸಿದ ಮೇಲೆ ಸಸಿಗಳು ಚೇತರಿಸಿಕೊಂಡವು. ಮೈಕೊರೈಜಾ ಎನ್ನುವ ಈ ಶಿಲೀಂಧ್ರ ಬೇರಿಗೆ ರಂಜಕವನ್ನೂ ನೀರನ್ನೂ ಒದಗಿಸುತ್ತದೆ, ಪ್ರತಿಯಾಗಿ ಸಕ್ಕರೆ ಪಡೆಯುತ್ತದೆ. ಬಿಸಿಲಿನ ತಪ್ಪೆಂದು ತೋರಿದ್ದು ಮಣ್ಣಿನ ಕೊರತೆಯಾಗಿತ್ತು. ಎರಡನೆಯ ಪಾಠ ಕೆರಿಬಿಯನ್ ಪೈನ್ ತೋಟಗಳಿಂದ ಬಂತು. ಋತುಭೇದವಿಲ್ಲದ ಕಡೆ ಕೆಲವು ಮರಗಳು ಕೊಂಬೆಯನ್ನೇ ಒಡೆಯದೆ ಮೀಟರುಗಟ್ಟಲೆ ಒಂಟಿ ಕಾಂಡವಾಗಿ ಏರುತ್ತವೆ. ಅರಣ್ಯಶಾಸ್ತ್ರದಲ್ಲಿ ಇದನ್ನು ಫಾಕ್ಸ್‌ಟೇಲ್ ಎನ್ನುತ್ತಾರೆ. ಪೈನ್ ಕೊಂಬೆಯೊಡೆಯಲು ಮೊಗ್ಗು ಕಟ್ಟಿ ಕೊಂಚ ನಿಲ್ಲಬೇಕು. ಆ ನಿಲುಗಡೆಯನ್ನು ಕೊಡುವುದೇ ಇಲ್ಲಿ ಬೋನ್ಸಾಯ್ ಬೆಳೆಗಾರನ ಮುಖ್ಯ ಕೆಲಸ.

ಈ ತಿಳಿವಳಿಕೆ ಬೋನ್ಸಾಯ್ ಆಗಿ ಮಾಗಿದ ಜಾಗಗಳಲ್ಲಿ ಹವಾಯಿ ಮುಖ್ಯವಾದುದು. ಜಪಾನೀ ವಲಸಿಗರು ನೆಲೆಸಿದ ಆ ದ್ವೀಪಗಳಲ್ಲಿ ಬೋನ್ಸಾಯ್ ಬೆಳೆಗಾರ ಹಾರುವೊ ಕನೆಷಿರೊ ಅವರನ್ನು ಇಂದಿಗೂ ‘ಪಾಪಾ’ ಎಂದೇ ನೆನೆಯುತ್ತಾರೆ. 1973ರಲ್ಲಿ ಡೇವಿಡ್ ಫುಕುಮೊಟೊ ಆರಂಭಿಸಿದ ಫುಕು-ಬೋನ್ಸಾಯ್ ನರ್ಸರಿ ಉಷ್ಣವಲಯದ ಬೋನ್ಸಾಯ್‌ಗೆ ತನ್ನದೇ ಪದ್ಧತಿ ಬೇಕೆಂದು ಒತ್ತಿ ಹೇಳಿತು. ಅಲ್ಲಿನವರಿಗೆ ಜ್ವಾಲಾಮುಖಿಯ ಕಲ್ಲುಚೂರು ಕೈಯಳತೆಯಲ್ಲೇ ಇತ್ತು. ಅದನ್ನು ಕುಂಡಕ್ಕೆ ತುಂಬಿದರೆ ಎಷ್ಟೇ ಮಳೆ ಸುರಿದರೂ ಬೇರಿನ ಬಳಿ ನೀರು ನಿಲ್ಲುತ್ತಿರಲಿಲ್ಲ. ವರ್ಷವಿಡೀ ಬೆಳೆಯುವ ಮರ ಕಾಂಡವನ್ನು ಬೇಗ ದಪ್ಪ ಮಾಡಿಕೊಳ್ಳುತ್ತದೆ ಎಂಬುದು ಉಷ್ಣವಲಯ ಕೊಡುವ ವರ.

ಸಸ್ಯಾಭಿವೃದ್ಧಿಯಲ್ಲಿ ಬೀಜದ ದಾರಿಯೇ ಹೆಚ್ಚು ನಂಬಿಕೆಯದು. ಕಪ್ಪು ಪೈನ್ ಬೀಜವನ್ನು ಒದ್ದೆ ಮರಳಿನಲ್ಲಿಟ್ಟು ಒಂದೆರಡು ತಿಂಗಳು ಫ್ರಿಜ್‌ನಲ್ಲಿರಿಸಿದರೆ ಒಟ್ಟಾಗಿ ಮೊಳೆಯುತ್ತದೆ. ಖಾಸಿ, ಕೆರಿಬಿಯನ್ ಪೈನ್‌ಗಳಿಗೆ ನೀರಿನಲ್ಲಿ ನೆನೆಸಿದರೆ ಸಾಕು. ಸೆಕೆಯ ನಾಡಿನಲ್ಲಿ ಮೊದಲ ಶತ್ರು ಬುಡ ಕೊಳೆಸುವ ಶಿಲೀಂಧ್ರ. ಆದ್ದರಿಂದ ಗೊಬ್ಬರ ಬೆರೆಸದ ದಪ್ಪ ಮರಳಿನಲ್ಲೇ ಬಿತ್ತಬೇಕು. ಕೆಲವು ವಾರಗಳ ಎಳೆಗಿಡದ ತಾಯಿಬೇರನ್ನು ಕತ್ತರಿಸಿ, ಕಾಂಡದ ತುದಿಗೆ ಬೇರು ಬರಿಸುವ ಹಾರ್ಮೋನು ಸವರಿ ಮತ್ತೆ ನೆಟ್ಟರೆ ಬೇರುಗಳು ಸುತ್ತಲೂ ಸಮನಾಗಿ ಹರಡುತ್ತವೆ. ಮುಂದೆ ಮರಕ್ಕೆ ಗಾಂಭೀರ್ಯ ತರುವುದು ಈ ಹರಡಿದ ಬುಡವೇ. ಬಲಿತ ಪೈನ್ ಕಡ್ಡಿ ಬೇರು ಬಿಡುವುದು ಬಹಳ ಕಷ್ಟ. ಬೇಕಾದ ಗುಣದ ಮರವನ್ನು ಹೆಚ್ಚಿಸಲು ಕಸಿಯೇ ಗತಿ. ಬಿಳಿ ಪೈನನ್ನು ಕಪ್ಪು ಪೈನ್ ಬೇರಿನ ಮೇಲೆ ಕಸಿ ಮಾಡುವುದು ಜಪಾನಿನ ಹಳೆಯ ರೂಢಿ.

ನಮ್ಮ ದಕ್ಷಿಣದಲ್ಲಿ ಚಳಿಯ ಜಾಗವನ್ನು ಮಳೆಗಾಲ ಹಿಡಿದಿದೆ. ಜೂನ್‌ನಲ್ಲಿ ಕ್ಯಾಂಡಲ್ ಕತ್ತರಿಸಿದರೆ ಹೊಸ ಚಿಗುರು ಮುಂಗಾರಿನ ತೇವದಲ್ಲೇ ಏಳುತ್ತದೆ, ಸೂಜಿಯೆಲೆಗೆ ರೋಗ ತಗಲುತ್ತದೆ. ಮಳೆಯ ಜೋರು ತಗ್ಗಿದ ಮೇಲೆ ಕತ್ತರಿ ಹಾಕಿದರೆ ಡಿಸೆಂಬರ್, ಜನವರಿಯ ತಂಪು ಮತ್ತು ಒಣಹವೆ ಚಿಗುರಿಗೆ ಕಡಿವಾಣ ಹಾಕಬಲ್ಲವು. ಸೋಸಿದ ಇಟ್ಟಿಗೆ ಚೂರು, ದಪ್ಪ ಮರಳು, ಸಣ್ಣ ಜಲ್ಲಿಯ ಮಿಶ್ರಣ ನೀರು ನಿಲ್ಲಲು ಬಿಡದು. ಕುಂಡ ಬದಲಿಸುವಾಗ ಹಳೆಯ ಬೇರುಮಣ್ಣಿನ ಒಂದು ಭಾಗವನ್ನು ಉಳಿಸಿಕೊಳ್ಳುವುದು ಕಡ್ಡಾಯ. ಪೋರ್ಟೊರಿಕೊದ ಪಾಠ ಕುಂಡಕ್ಕೂ ಅನ್ವಯಿಸುತ್ತದೆ.

ಇಷ್ಟಾದರೂ ಒಂದು ಗಂಟು ಬಿಚ್ಚಬೇಕಿದೆ. ಸೂಜಿಯೆಲೆ ಗಿಡ್ಡವಿರುವ ಬಿಳಿ ಪೈನ್‌ಗೆ ನಮ್ಮ ಸೆಕೆ ಒಗ್ಗದು. ಸೆಕೆಗೆ ಒಗ್ಗುವ ಖಾಸಿ ಪೈನ್‌ನ ಸೂಜಿಯೆಲೆಗಳು ಹದಿನೈದು, ಇಪ್ಪತ್ತು ಸೆಂಟಿಮೀಟರ್ ಉದ್ದ. ಹಿಮಾಲಯದ ತಪ್ಪಲಿನ ಚಿರ್ ಪೈನ್‌ನವು ಇನ್ನೂ ಉದ್ದ. ಚಿರ್‌ಗೆ ದೊಡ್ಡ ಗುಣವೊಂದಿದೆ: ಬೆಂಕಿ ತಗುಲಿದ ಎಳೆಮರವೂ ಕಾಂಡದಿಂದ ಮರುಚಿಗುರುತ್ತದೆ. ಹಳೆಯ ಕಾಂಡದಲ್ಲಿ ಚಿಗುರು ಒಡೆಯುವ ಪೈನ್ ಬೋನ್ಸಾಯ್‌ಗೆ ಬಲು ಬೆಲೆಯುಳ್ಳದ್ದು. ಇಂಥ ಮರಗಳನ್ನು ಅಂಗೈಯಗಲಕ್ಕೆ ಇಳಿಸುವ ಹಟ ಬಿಟ್ಟು, ಮೂರು ಅಡಿಯ ದೊಡ್ಡ ಆಕಾರದಲ್ಲಿ ಬೆಳೆಸಿದರೆ ಎಲೆಯ ಉದ್ದ ಕಣ್ಣಿಗೆ ಒತ್ತದು.

ಈ ಗಂಟನ್ನು ಬಳಸಿ ದಾಟಿದವರೂ ಇದ್ದಾರೆ. ಇಂಡೋನೇಷ್ಯಾದಲ್ಲಿ ಕಡಲತೀರದ ಗಾಳಿಮರಕ್ಕೆ ಪೈನ್‌ನ ಭಂಗಿ ಕೊಡುವ ಪರಂಪರೆ ಬೆಳೆದಿದೆ. ಕಾರವಾರದಿಂದ ಮಂಗಳೂರಿನವರೆಗೆ ನಾವು ನಿತ್ಯ ಕಾಣುವ ಮರವಿದು. ಪೈನ್ ಕುಲಕ್ಕೆ ಸೇರದ ಹೂಬಿಡುವ ಸಸ್ಯ, ಬೇರಿನಲ್ಲಿರುವ ಸೂಕ್ಷ್ಮಜೀವಿಯ ನೆರವಿನಿಂದ ಸಾರಜನಕವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ. ಕಲಿಯುವವರಿಗೆ ಇದಕ್ಕಿಂತ ಉದಾರವಾದ ಮರ ಸಿಗದು.

ಮೈಸೂರಿನ ಅವಧೂತ ದತ್ತ ಪೀಠದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ನೋಡಿದವರಿಗೆ ನಮ್ಮಲ್ಲಿ ಆಸ್ಥೆಗೆ ಬರವಿಲ್ಲವೆಂದು ಗೊತ್ತು. ಬೇಕಿರುವುದು ಆಯ್ಕೆಯ ಕೆಲಸ. ಕೊಡಗು, ಚಿಕ್ಕಮಗಳೂರಿನಂಥ ತಂಪಿನ ಎತ್ತರಗಳಲ್ಲಿ ಖಾಸಿ ಪೈನ್ ಬೀಜಗಳನ್ನು ಸಾಕಷ್ಟು ಬಿತ್ತಿ, ಅವುಗಳಲ್ಲಿ ಗಿಡ್ಡ ಸೂಜಿಯೆಲೆಯ ಸಸಿಗಳನ್ನು ಗುರುತಿಸಿ, ಕಸಿಯಿಂದ ಹೆಚ್ಚಿಸಬೇಕು. ಯಾವ ವಾರ ಕತ್ತರಿ ಹಾಕಿದರೆ ಯಾವಾಗ ಚಿಗುರಿತು, ಎಷ್ಟು ಉದ್ದ ಬೆಳೆಯಿತು ಎಂದು ಊರೂರಿನ ಬೆಳೆಗಾರರು ಬರೆದಿಟ್ಟು ಪರಸ್ಪರ ಹಂಚಿಕೊಳ್ಳಬೇಕು. ಕಪ್ಪು ಪೈನ್‌ಗೆ ಜಪಾನಿನ ಬೆಳೆಗಾರರು ತಲೆಮಾರುಗಳಿಂದ ಮಾಡಿದ್ದು ಇದನ್ನೇ. ನಮ್ಮ ಮಳೆ, ನಮ್ಮ ಬಿಸಿಲಿನ ಲೆಕ್ಕವನ್ನು ನಾವೇ ಬರೆಯಬೇಕು. ಅದನ್ನು ಬೇರೆ ಯಾರೂ ಬರೆದುಕೊಡಲಾರರು.