ರಾಟರ್‌ಡ್ಯಾಮ್: ಹೆಸರಿನಲ್ಲಿ ಉಳಿದ ಕಟ್ಟೆ

ನಾವು ನೆಲೆಸಿರುವ ರಾಟರ್‌ಡ್ಯಾಮ್ ನಗರದ ಹೆಸರನ್ನು ಬಿಡಿಸಿ ನೋಡಿದರೆ ರೊಟ್ಟೆ ಎಂಬ ಹೊಳೆಯೂ ಅದಕ್ಕೆ ಹಾಕಿದ ಕಟ್ಟೆಯೂ ದೊರೆಯುತ್ತವೆ. ‘ರೊಟ್’ ಎಂದರೆ ಕೆಸರು, ‘ಆ’ ಎಂದರೆ ನೀರು ಎಂಬುದು ಹೊಳೆಯ ಹೆಸರಿಗೆ ವಿದ್ವಾಂಸರು ಕೊಡುವ ವಿವರಣೆ.

12ನೆಯ ಶತಮಾನದ ಪ್ರವಾಹಗಳು ಇಲ್ಲಿನ ಹಳೆಯ ವಸತಿಯನ್ನು ನುಂಗಿದವು. ಉಬ್ಬರದ ನೀರು ಒಳನುಗ್ಗದಂತೆ ಜನರು ಸುಮಾರು 1270ರಲ್ಲಿ ರೊಟ್ಟೆಗೆ ಅಡ್ಡಲಾಗಿ ಕಟ್ಟೆ ಕಟ್ಟಿದರು. ಒಳನಾಡಿನ ದೋಣಿಗಳ ಸರಕು ಹೊರಗಿನ ಹಡಗುಗಳಿಗೆ ಅಲ್ಲಿಯೇ ಬದಲಾಗತೊಡಗಿ, ಕಟ್ಟೆಯ ಬದಿಯಲ್ಲಿ ಪೇಟೆ ಬೆಳೆಯಿತು. 1340ರ ಜುಲೈ 7ರಂದು ಹಾಲೆಂಡಿನ ಕೌಂಟ್ ನಾಲ್ಕನೆಯ ವಿಲ್ಲೆಮ್ ಅದಕ್ಕೆ ನಗರದ ಹಕ್ಕುಗಳನ್ನು ನೀಡಿದನು.

ಈ ಬಗೆಯ ಹೆಸರು ಕನ್ನಡಿಗರಿಗೆ ಹೊಸದಲ್ಲ. ಅರಸೀಕೆರೆಯ ಹೆಸರಿನಲ್ಲಿ ಕೆರೆಯಿದೆ. ಲಕ್ಷ್ಮಣತೀರ್ಥದ ಅಣೆಕಟ್ಟೆಯಿರುವ ಕಟ್ಟೇಮಳಲವಾಡಿಯ ಹೆಸರಿನಲ್ಲಿ ಕಟ್ಟೆಯಿದೆ. ನಮ್ಮ ಹಿರಿಯರು ನೀರನ್ನು ಹಿಡಿದಿಡಲು ಕಟ್ಟಿದರು, ಇಲ್ಲಿನವರು ನೀರನ್ನು ಹೊರಗಿಡಲು ಕಟ್ಟಿದರು. ಎರಡೂ ಕಡೆ ಊರಿಗೆ ಹೆಸರಿತ್ತದ್ದು ದುಡಿದ ಕೈಗಳ ಕೆಲಸವೇ.

1940ರ ಮೇ 14ರ ಬಾಂಬ್ ದಾಳಿಯಲ್ಲಿ ಹಳೆಯ ನಗರದ ಹೃದಯಭಾಗ ಸುಟ್ಟುಹೋಯಿತು. 1449ರಲ್ಲಿ ಆರಂಭವಾದ ಲಾರೆನ್ಸ್ ಚರ್ಚ್ ಕೂಡ ಬೆಂದು, ಬಳಿಕ ಜೀರ್ಣೋದ್ಧಾರಗೊಂಡಿತು. ಮಧ್ಯಯುಗದ ರಾಟರ್‌ಡ್ಯಾಮನ್ನು ಇಂದು ಕಣ್ಣಾರೆ ಕಾಣುವುದು ಕಷ್ಟ. ಆದರೆ ಅದರ ಮೊದಲ ಶಾಸನ ಹೆಸರಿನಲ್ಲಿಯೇ ಉಳಿದಿದೆ. ಪ್ರಾಚೀನ ಕಟ್ಟೆಯ ಜಾಡಿನಲ್ಲಿರುವ ಹೋಗ್‌ಸ್ಟ್ರಾಟ್ ಬೀದಿಯಲ್ಲಿ ಮಕ್ಕಳೊಡನೆ ನಡೆಯುವಾಗ ಈ ಊರಿನ ಹೆಸರನ್ನೂ ನಮ್ಮ ಊರಿನ ಹೆಸರನ್ನೂ ಒಟ್ಟಿಗೆ ಬಿಡಿಸಿ ಹೇಳೋಣ.