ಚಿಕ್ಕ ದಿನಸಿ ಅಂಗಡಿಯಲ್ಲಿ ಗಿರಾಕಿಗೆ ಹಿತವೆನಿಸುವ ವಾತಾವರಣ

ಹಳೇ ಮೈಸೂರಿನಲ್ಲಿ ದಿನಸಿ ಅಂಗಡಿ, ಉತ್ತರ ಕರ್ನಾಟಕದಲ್ಲಿ ಕಿರಾಣಿ ಅಂಗಡಿ, ಕರಾವಳಿಯಲ್ಲಿ ಜೀನಸು ಅಂಗಡಿ. ಹೆಸರು ಯಾವುದಾದರೂ ನಮ್ಮ ಸಮಾಜದ ಅನೇಕ ಕುಟುಂಬಗಳು ಎರಡು ಮೂರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವುದು 10 ಅಡಿ ಅಗಲ, 20 ಅಡಿ ಉದ್ದದ ಇಂಥದೇ ಅಂಗಡಿಯನ್ನು. ಈಗ ಮುಂದಿನ ಬೀದಿಯಲ್ಲಿ ಸೂಪರ್ ಮಾರ್ಕೆಟ್ ಬಂದಿದೆ, ಪಟ್ಟಣಗಳಲ್ಲಿ ಮೊಬೈಲ್ ಒತ್ತಿದರೆ ಸಾಮಾನು ಮನೆ ಬಾಗಿಲಿಗೇ ಬರುತ್ತದೆ. ಸಾಲ ಮಾಡಿಯಾದರೂ ಅಂಗಡಿ ಹೊಸದು ಮಾಡೋಣ ಎನ್ನುತ್ತಾರೆ ಮಕ್ಕಳು, ಇದ್ದದ್ದೇ ಸಾಕು ಎನ್ನುತ್ತಾರೆ ಹಿರಿಯರು. ಈ ಚರ್ಚೆ ಹಲವು ಮನೆಗಳಲ್ಲಿ ನಡೆಯುತ್ತಿರುವುದರಿಂದ, ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಬೇಡ ಎಂಬುದನ್ನು ಇಲ್ಲಿ ಬರೆಯಲಾಗಿದೆ.

ಗಾಜಿನ ಬಾಗಿಲಿಗೆ ಅವಸರ ಬೇಡ. ಬಾಗಿಲು ಮುಚ್ಚಿದ ಅಂಗಡಿಗೆ ಹೋಗಲು ಹಳ್ಳಿಯಿಂದ ಬಂದವರು ಇಂದಿಗೂ ಹಿಂಜರಿಯುತ್ತಾರೆ. ಚಪ್ಪಲಿ ಬಿಡಬೇಕೇ, ಬರಿಗೈಯಲ್ಲಿ ಹೊರಗೆ ಬಂದರೆ ಏನಂದುಕೊಳ್ಳುತ್ತಾರೋ ಎಂದು ಹೊರಗೇ ನಿಲ್ಲುತ್ತಾರೆ. ಚಿಕ್ಕ ಅಂಗಡಿಯ ದೊಡ್ಡ ಅನುಕೂಲವೇ ತೆರೆದ ಮುಂಭಾಗ. ರಸ್ತೆಯಲ್ಲಿ ನಿಂತವರಿಗೆ ಅಂಗಡಿಯವರ ಮುಖ ಕಾಣುತ್ತದೆ, ಬೆಲೆ ಕೇಳಿ ಮುಂದೆ ಹೋಗಲು ಸಂಕೋಚವಿಲ್ಲ. ಆ ಅನುಕೂಲವನ್ನು ದುಡ್ಡು ಕೊಟ್ಟು ಕಳೆದುಕೊಳ್ಳಬಾರದು.

ತಕ್ಕಡಿ ಯಾರ ಕಡೆಗೆ ತಿರುಗಿದೆ?

ಮೊದಲು ನೋಡಬೇಕಾದದ್ದು ತೂಕದ ಯಂತ್ರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕಳವಿನ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರುವುದು, ಅಳತೆ ತೂಕದಲ್ಲಿ ಹೆಚ್ಚು ಕಡಿಮೆ ಮಾಡುವುದು, ಒಳ್ಳೆಯ ಮಾಲಿನಂತೆ ಕಾಣುವ ಕೀಳು ಮಾಲನ್ನು ಸೇರಿಸಿ ಮಾರುವುದು. ಕೊನೆಯ ಎರಡಂತೂ ನೇರವಾಗಿ ಅಂಗಡಿಯ ಮಾತು. ಕಾಳುಮೆಣಸಿಗೆ ಪಪ್ಪಾಯಿ ಬೀಜ ಬೆರೆಸುವುದು ಇವತ್ತಿನ ಉದಾಹರಣೆ.

ನಾವು ವ್ರತ ಪಾಲಿಸುತ್ತೇವೆ ಎಂಬುದು ನಮಗೆ ಗೊತ್ತು, ಗಿರಾಕಿಗೆ ಹೇಗೆ ಗೊತ್ತಾಗಬೇಕು? ಎಷ್ಟೋ ಅಂಗಡಿಗಳಲ್ಲಿ ಯಂತ್ರದ ಅಂಕಿಗಳು ಮಾಲೀಕರ ಕಡೆಗಿರುತ್ತವೆ, ಅವುಗಳ ಮುಂದೆ ಬಿಸ್ಕತ್ತಿನ ಡಬ್ಬಿಗಳ ಸಾಲು. ಮೋಸವಿಲ್ಲದಿದ್ದರೂ ಅನುಮಾನಕ್ಕೆ ಜಾಗ ಕೊಟ್ಟಂತಾಯಿತು. ಎರಡೂ ಕಡೆ ಅಂಕಿ ಕಾಣುವ ಯಂತ್ರ ತನ್ನಿ. ಅದನ್ನು ಗಿರಾಕಿಯ ಕಣ್ಣಿನ ಮಟ್ಟಕ್ಕೆ ಹತ್ತಿರ ಇಡಿ. ಖಾಲಿ ಪಾತ್ರೆ ಅಥವಾ ಚೀಲ ಇಟ್ಟು ಸೊನ್ನೆಗೆ ತಂದ ಮೇಲೆಯೇ ಕಾಳು ಸುರಿಯಿರಿ. ಅವರು ನೋಡುತ್ತಿರುವಾಗಲೇ ಇದನ್ನು ಮಾಡಬೇಕು. ಎಲೆಕ್ಟ್ರಾನಿಕ್ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯನ್ನು ವರ್ಷಕ್ಕೊಮ್ಮೆ ಹಾಕಿಸಬೇಕು. ಅದರ ಪ್ರಮಾಣಪತ್ರವನ್ನು ಕಪಾಟಿನೊಳಗೆ ಇಡದೆ ಗೋಡೆಗೆ ಹಾಕಿ. ಬಾಹುಬಲಿ ಸ್ವಾಮಿಯ ಕ್ಯಾಲೆಂಡರಿನ ಪಕ್ಕದಲ್ಲಿ ಅದಕ್ಕೊಂದು ಮೊಳೆ ಹೊಡೆದರೆ ತಪ್ಪಿಲ್ಲ.

ಮೆಟ್ಟಿಲು, ಕುರ್ಚಿ, ದೀಪ

ನಮ್ಮ ಪೇಟೆಬೀದಿಗಳಲ್ಲಿ ಅಂಗಡಿಯ ಮುಂದೆ ಚರಂಡಿ, ಅದರ ಮೇಲೊಂದು ಅಲುಗಾಡುವ ಕಲ್ಲು, ಆಮೇಲೆ ಎತ್ತರದ ಮೆಟ್ಟಿಲು ಸಾಮಾನ್ಯ. ವಯಸ್ಸಾದವರಿಗೆ ಅಂಗಡಿ ಬೇಡವೆನಿಸುವುದು ಅಲ್ಲಿಯೇ. ಗಾಲಿಕುರ್ಚಿಗೆ ಇಳಿಜಾರು ಮಾಡಬೇಕೆಂದರೆ ಒಂದು ಅಂಗುಲ ಎತ್ತರಕ್ಕೆ 12 ಅಂಗುಲ ಉದ್ದ ಬೇಕು. ಎಂದರೆ 6 ಅಂಗುಲದ ಮೆಟ್ಟಿಲಿಗೆ 6 ಅಡಿ. ಅಷ್ಟು ಜಾಗವಿಲ್ಲದಿದ್ದರೆ ಕಲ್ಲನ್ನು ಗಟ್ಟಿಯಾಗಿ ಕೂರಿಸಿ, ಮೆಟ್ಟಿಲಿನ ಪಕ್ಕ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು ಹಾಕಿಸಿ. ಇಡೀ ನವೀಕರಣದಲ್ಲಿ ಅತ್ಯಂತ ಉಪಯುಕ್ತ ಖರ್ಚು ಇದೇ ಎಂಬುದು ನಮ್ಮ ಅಭಿಪ್ರಾಯ. ಒಳಗೆ ಓಡಾಡಲು 3 ಅಡಿ ಜಾಗ ಬಿಡಿ. ಎಣ್ಣೆ ಡಬ್ಬ, ಅಕ್ಕಿ ಮೂಟೆಗಳು ದಾರಿಗೆ ಬರದಿರಲಿ.

ಹಳೆಯ ಬಟ್ಟೆ ಅಂಗಡಿಗಳಲ್ಲಿ ಬಂದವರನ್ನು ಗಾದಿಯ ಮೇಲೆ ಕೂರಿಸಿ, ನೀರು ಕೊಟ್ಟು ಆಮೇಲೆ ಸೀರೆ ಬಿಚ್ಚುತ್ತಿದ್ದರು. ದಿನಸಿ ಅಂಗಡಿಯಲ್ಲಿ ಗಾದಿಗೆ ಜಾಗವಿಲ್ಲ, ಆದರೆ ಎರಡು ಸ್ಟೂಲು, ಒಂದು ಮಡಕೆ ನೀರು ಇಡಬಹುದು. ನೀರನ್ನು ಸೋಸಿಯೇ ತುಂಬುವುದು ನಮ್ಮಲ್ಲಿ ರೂಢಿ, ಅದಕ್ಕೆ ಬಟ್ಟೆಯನ್ನೂ ಮುಚ್ಚಳವನ್ನೂ ಅಲ್ಲಿಯೇ ಇಟ್ಟಿರಿ. ಇಲ್ಲೊಂದು ಮಾತು. ಸಮಾಜದವರು ಬಂದರೆ ‘ಜೈ ಜಿನೇಂದ್ರ, ಬನ್ನಿ ಕೂತ್ಕೊಳ್ಳಿ’ ಎಂದು ಎದ್ದು ನಿಂತು, ಪಕ್ಕದಲ್ಲೇ ಕಾಯುತ್ತಿರುವ ಕೂಲಿ ಮಹಿಳೆಗೆ ‘ಏನಮ್ಮಾ’ ಎಂದಷ್ಟೇ ಕೇಳಿದರೆ ಆಕೆಗೆ ಅದು ಅರ್ಥವಾಗದೆ ಇರುವುದಿಲ್ಲ. ಸ್ಟೂಲು ಮೊದಲು ಬಂದವರಿಗೆ.

ದೀಪದ ವಿಷಯದಲ್ಲಿ ಅಹಿಂಸೆಯೂ ಸೇರಿಕೊಂಡಿದೆ. ನೀಲಿಛಾಯೆಯ ಬಿಳಿ ಬೆಳಕು ಮಳೆಗಾಲದಲ್ಲಿ ಹುಳುಗಳನ್ನು ಹೆಚ್ಚು ಸೆಳೆಯುತ್ತದೆ, ಹಳದಿ ಛಾಯೆಯ ಬೆಳಕು ಕಡಿಮೆ. ಬಾಗಿಲ ಬಳಿ 3000 ಕೆಲ್ವಿನ್ನಿನ ಎಲ್‌ಇಡಿ, ಬೇಳೆಕಾಳಿನ ನಿಜ ಬಣ್ಣ ಕಾಣಬೇಕಾದ ಒಳಭಾಗದಲ್ಲಿ 4000 ಕೆಲ್ವಿನ್ನಿನದು ಸಾಕು. ಪೆಟ್ಟಿಗೆಯ ಮೇಲೆ ಈ ಅಂಕಿ ಮುದ್ರಿಸಿರುತ್ತಾರೆ. ದೀಪ ಕಾಳಿನ ಡಬ್ಬಿಗಳ ನೇರ ಮೇಲೆ ಬೇಡ. ಹುಳು ಬಿದ್ದ ಮೇಲೆ ಔಷಧ ಹೊಡೆಯುವುದಕ್ಕಿಂತ ಬೀಳದಂತೆ ನೋಡಿಕೊಳ್ಳುವುದೇ ಸರಿ. ಕಡಿಮೆ ದಾಸ್ತಾನು, ಒಣಗಿದ ಡಬ್ಬಿ, ಬಿಗಿಯಾದ ಮುಚ್ಚಳ, ಹಳೆಯ ಮಾಲು ಮುಂದಕ್ಕೆ, ಹೊಸದು ಹಿಂದಕ್ಕೆ.

ಕೇಳುವ ಮೊದಲೇ ಉತ್ತರ

ದಶಲಕ್ಷಣ ಪರ್ವದಲ್ಲಿ, ಚಾತುರ್ಮಾಸದಲ್ಲಿ ನಮ್ಮವರು ಒಂದೊಂದು ಪೊಟ್ಟಣವನ್ನೂ ತಿರುಗಿಸಿ ಓದುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದ ಮಸಾಲೆ ಪುಡಿ, ಕುರುಕಲು ತಿಂಡಿಗಳಿಗೆ ಒಂದು ಕಪಾಟು ಮೀಸಲಿಟ್ಟು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು ಹಾಕಿ. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಸಸ್ಯಾಹಾರ ಎಂದಷ್ಟೇ ಹೇಳುತ್ತದೆ, ಕಂದಮೂಲ ಇಲ್ಲವೆಂದು ಹೇಳುವುದಿಲ್ಲ. ಮುನಿಗಳ ಆಹಾರದಾನಕ್ಕೆ ಸಿದ್ಧತೆ ಮಾಡುವ ಮನೆಗಳಲ್ಲಿ ಹಿಟ್ಟಿನ ಮರ್ಯಾದೆ ಮಳೆಗಾಲಕ್ಕೆ 3 ದಿನ, ಬೇಸಿಗೆಗೆ 5, ಚಳಿಗಾಲಕ್ಕೆ 7. ಅವರಿಗೆ ಪೊಟ್ಟಣದ ಹಿಟ್ಟು ಬೇಡ, ಆರಿಸಿದ ಗೋಧಿ, ಇಡಿ ಧನಿಯಾ, ಇಡಿ ಮೆಣಸು ಬೇಕು. ಅಗಲವಾದ ತಟ್ಟೆಯಲ್ಲಿ ಸ್ವಲ್ಪ ಸುರಿದು ಬೆಳಕಿನಲ್ಲಿ ನೋಡಲು ಕೊಡಿ. ಬೇಳೆಯನ್ನು ಬೆರಳಲ್ಲಿ ಸರಿಸಿ ನೋಡುವ ಗಿರಾಕಿ ಅನುಮಾನದವರಲ್ಲ, ಕಸುಬು ಗೊತ್ತಿದ್ದವರು.

ಗೋಡೆಯ ಬರಹಗಳನ್ನೂ ಒಮ್ಮೆ ಓದಿಕೊಳ್ಳಿ. ‘ಸಾಲ ಕೇಳಬೇಡಿ’, ‘ಇಂದು ನಗದು ನಾಳೆ ಸಾಲ’ ಎಂಬ ಫಲಕಗಳು ಸಾಲ ಕೇಳದವರಿಗೂ ಚುಚ್ಚುತ್ತವೆ. ಉದ್ರಿ ಕೊಡುವುದಿಲ್ಲವೆಂದರೆ ಕೇಳಿದವರಿಗೆ ಮೆಲ್ಲಗೆ ಹೇಳಿದರಾಯಿತು. ಕೊಡುತ್ತೀರಾದರೆ ಲೆಕ್ಕ ಎರಡು ಪುಸ್ತಕದಲ್ಲಿರಲಿ, ಒಂದು ಅವರ ಕೈಯಲ್ಲಿ, ಒಂದು ನಿಮ್ಮಲ್ಲಿ. ನಾಲ್ಕು ಜನರ ಎದುರು ‘ಹಿಂದಿನ ಬಾಕಿ ಏನಾಯ್ತು’ ಎಂದು ಕೇಳಿಸಿಕೊಂಡ ಮನೆಯೊಡತಿ ಬಾಕಿ ತೀರಿಸಿದ ದಿನದಿಂದ ಬೇರೆ ಅಂಗಡಿಗೆ ಹೋಗುತ್ತಾಳೆ. ಹೆಸರಿನ ಫಲಕ ಹೊಸದಾಗಿ ಬರೆಸುವವರು ಗಮನಿಸಿ: 2024ರ ತಿದ್ದುಪಡಿ ಕಾಯ್ದೆಯ ಪ್ರಕಾರ ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ.

ಸುಣ್ಣಬಣ್ಣದ ಕೆಲಸವನ್ನು ದೀಪಾವಳಿಗೆ ಮುಂಚೆ ಮುಗಿಸುವುದು ಅನುಕೂಲ. ಭಗವಾನ್ ಮಹಾವೀರರ ನಿರ್ವಾಣದ ದಿನದ ಪೂಜೆ, ಹೊಸ ಲೆಕ್ಕದ ಪುಸ್ತಕ ಎರಡೂ ಆಗಲೇ ಬರುತ್ತವೆ.

ಕೊನೆಯದಾಗಿ ಸಂಜೆಯ ಹೊತ್ತು. ಕೆಲಸ ಮುಗಿಸಿ ಬರುವ ಜನರಿಂದ ಅಂಗಡಿ ತುಂಬುವುದೂ, ಸೂರ್ಯಾಸ್ತಕ್ಕೆ ಮುನ್ನ ನಮ್ಮ ಊಟವಾಗಬೇಕಾದದ್ದೂ ಹೆಚ್ಚುಕಡಿಮೆ ಒಂದೇ ವೇಳೆಗೆ. ಡಿಸೆಂಬರ್ ಆರಂಭದಲ್ಲಿ ಬೆಂಗಳೂರಿನಲ್ಲಿ 6 ಗಂಟೆಗೂ ಮೊದಲೇ ಸೂರ್ಯ ಮುಳುಗುತ್ತಾನೆ. ಹಸಿವು, ಅವಸರ ಎರಡೂ ಇದ್ದಾಗ ಮಾತು ಒರಟಾಗುತ್ತದೆ. ಮನೆಯವರು ಸರದಿಯಲ್ಲಿ ಊಟಕ್ಕೆ ಹೋಗಲಿ. ಒಬ್ಬರೇ ಇರುವ ಅಂಗಡಿಯಾದರೆ ಅರ್ಧಗಂಟೆ ಮುಚ್ಚುವುದೇ ಮೇಲು. ‘ಊಟಕ್ಕೆ ಹೋಗಿದ್ದೇವೆ, 6 ಗಂಟೆಗೆ ತೆರೆಯುತ್ತೇವೆ’ ಎಂದು ಹಲಗೆಯ ಮೇಲೆ ಬರೆದು, ಸ್ಟೂಲನ್ನು ಹೊರಗಿಟ್ಟು ಹೋಗಿ.